ಸತ್ಯಾಂಶ: ಸೈಕಲ್ ಗುಂಪು ಬಲಗಡೆ ಹೋದರೆ ಸುರಕ್ಷಿತವೇ?

ರಸ್ತೆಯ ಬಲಗಡೆ ಸೈಕಲ್ ಓಡಿಸಿದರೆ ಎದುರಿನ ವಾಹನ ಕಾಣುತ್ತದೆ, ಅಪಾಯ ಕಡಿಮೆ. ರೈಡ್ ಗ್ರೂಪುಗಳಲ್ಲಿ ಈ ಸಂದೇಶ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು. ಈ ಸಲಹೆ ಇರುವುದು ಫುಟ್‌ಪಾತ್ ಇಲ್ಲದ ಕಡೆ ನಡೆಯುವವರಿಗೆ. ಅವರು ತಟ್ಟನೆ ಪಕ್ಕಕ್ಕೆ ಸರಿಯಬಹುದು. ಸೈಕಲ್ ಮೇಲೆ ಅದು ಕಷ್ಟ, ಹಿಂದೆ ಹತ್ತು ಜನ ಇದ್ದರಂತೂ ಆಗುವುದೇ ಇಲ್ಲ.

ಲೆಕ್ಕ ನೀವೇ ಹಾಕಿ ನೋಡಿ. ನಿಮ್ಮ ವೇಗ ಗಂಟೆಗೆ 20 ಕಿ.ಮೀ., ಕಾರಿನದು 40, ನಡುವೆ 100 ಮೀಟರ್. ಎದುರುಬದುರಾಗಿ ಬಂದರೆ 6 ಸೆಕೆಂಡಿನಲ್ಲಿ ಮುಖಾಮುಖಿ. ಕಾರು ಹಿಂದಿನಿಂದ ಬಂದರೆ ನಿಮ್ಮನ್ನು ತಲುಪಲು 18 ಸೆಕೆಂಡ್ ಬೇಕು. ನಿಮ್ಮನ್ನು ನೋಡಿ ವೇಗ ತಗ್ಗಿಸಲು ಚಾಲಕನಿಗೆ 12 ಸೆಕೆಂಡ್ ಜಾಸ್ತಿ ಸಿಕ್ಕಿತು, ಅಲ್ವಾ?

ಇನ್ನೂ ನಂಬಿಕೆ ಬರದಿದ್ದರೆ ಹುಬ್ಬಳ್ಳಿ-ಧಾರವಾಡ ರಸ್ತೆಗೆ ಬನ್ನಿ. ಉಣಕಲ್ ಹತ್ತಿರ ಯಾವುದಾದರೂ ಅಡ್ಡರಸ್ತೆಯ ಬಾಯಲ್ಲಿ ಐದು ನಿಮಿಷ ಸುಮ್ನೆ ನಿಲ್ಲಿ. ಎಡಕ್ಕೆ ತಿರುಗಲು ಬಂದ ಬೈಕಿನವರು ಕತ್ತು ಹೊರಳಿಸುವುದು ಬಲಕ್ಕೆ. ವಾಹನ ಬರುವುದೇ ಆ ಕಡೆಯಿಂದ. ತಪ್ಪು ದಿಕ್ಕಿನ ಸೈಕಲ್ ಬರುವುದು ಎಡದಿಂದ, ಅವರು ನೋಡದ ಕಡೆಯಿಂದ. ನನಗೆ ಹೆಚ್ಚು ಹೆದರಿಕೆ ಇರುವುದು ಇಲ್ಲೇ.

ಕಳಿಸಿದವರು ಕಾಳಜಿಯಿಂದಲೇ ಕಳಿಸಿರುತ್ತಾರೆ, ಸಿಟ್ಟು ಬೇಡ. ಆ ಸಲಹೆ ನಡೆದು ಹೋಗುವವರಿಗೋ, ಸವಾರರಿಗೋ? ವಾಹನ ಬಲಗಡೆ ಓಡುವ ದೇಶದ್ದೋ? ಇಷ್ಟು ಕೇಳಿ ನೋಡಿದರೆ ಸಾಕು.

ರೈಡ್ ಮುನ್ನಡೆಸುವವರು ಹೊರಡುವ ಮೊದಲೇ ಎಡಗಡೆ ಎಂದು ಹೇಳಿಬಿಡಿ. ಗುಂಡಿ ಕಂಡರೆ ಕೈ ಕೆಳಗಿಳಿಸಿ ಬೆರಳು ತೋರಿಸಿ, ಕೂಗಿ ಹೇಳಿ. ಹಿಂದಿನವರಿಗೆ ಕಾಣುವುದು ನಿಮ್ಮ ಬೆನ್ನು ಮಾತ್ರ.