ಬ್ರೌಸರ್ ಬದಲಿಸಿಕೊಂಡು ಬನ್ನಿ

ಸರ್ಕಾರಿ ಕಚೇರಿಯಲ್ಲಿ ‘ಆ ಮೇಜಿಗೆ ಹೋಗಿ ವಿಚಾರಿಸಿ’ ಎನ್ನಿಸಿಕೊಳ್ಳದೆ ಬಹಳ ದಿನವಾಯಿತು ಎಂದು ಕೊರಗುತ್ತಿದ್ದವರು ಇನ್ನು ಸಮಾಧಾನಪಟ್ಟುಕೊಳ್ಳಬಹುದು. ಅರ್ಜಿಗಳ ಹಿಂದೆಯೇ ಮೇಜುಗಳೂ ಆನ್‌ಲೈನ್‌ಗೆ ಬಂದಿವೆ. ಸರ್ಕಾರಿ ಜಾಲತಾಣವನ್ನು ಕ್ರೋಮ್ ಬ್ರೌಸರ್‌ನಲ್ಲಿ ತೆರೆದರೆ ಫೈರ್‌ಫಾಕ್ಸ್‌ನಲ್ಲಿ ನೋಡಿ ಎನ್ನುತ್ತಾರೆ. ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಎಡ್ಜ್‌ನಲ್ಲಿ ನೋಡಿ ಎನ್ನುತ್ತಾರೆ. ಐಫೋನ್ ಹಿಡಿದು ಬಂದವರಿಗೆ ಒಂದು ಬಿಳಿ ಪರದೆ. ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ ಎಂದು ಅರ್ಥ.

ಮಲೆನಾಡಿನಲ್ಲಿ ಮಳೆ ಹಿಡಿದು ಬಿಡದ ವರ್ಷ ಅಡಿಕೆಗೆ ಕೊಳೆ ರೋಗ ಬರುತ್ತದೆ. ಅದನ್ನು ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನದ ಹೊಳವೂ ಸಿಗದೆ ಕಾಯೆಲ್ಲ ಉದುರಿದ ಮೇಲೆ ಬೆಳೆಗಾರನಿಗೆ ಉಳಿಯುವುದು ಪರಿಹಾರದ ಅರ್ಜಿಯೊಂದೇ. ತೀರ್ಥಹಳ್ಳಿ ಕಡೆಯ ಒಂದು ಸೇವಾ ಕೇಂದ್ರದಲ್ಲಿ ಅಲ್ಲಿನ ಹುಡುಗ ಹಿರಿಯರೊಬ್ಬರ ಅಂಥ ಅರ್ಜಿ ತುಂಬುವುದನ್ನು ನೋಡುತ್ತಿದ್ದೆ. ಸರ್ವೆ ನಂಬರು, ಪಹಣಿ, ಪಾಸ್‌ಬುಕ್ಕಿನ ಪ್ರತಿ ಎಲ್ಲ ಏರಿದವು. ‘ಸಲ್ಲಿಸಿ’ ಎಂಬ ಗುಂಡಿ ಮಾತ್ರ ಇಲ್ಲ.

“ಎಂಥ ಸಾವು ಮಾರಾಯ, ಗುಂಡಿ ಎಲ್ಲಿ?”

“ಇದೆ ಗೌಡರೇ. ಮಂತ್ರಿಗಳ ಫೋಟೋದ ಹಿಂದೆ ಇದೆ.”

“ಫೋಟೋ ಸ್ವಲ್ಪ ಆಚೆ ಸರಿಸು.”

“ಅದು ನಮ್ಮ ಮಟ್ಟದಲ್ಲಿ ಆಗುವುದಿಲ್ಲ.”

ಹುಡುಗ ಜಾಣ. ಕೊನೆಯ ಖಾನೆಯಲ್ಲಿ ಕರ್ಸರ್ ನಿಲ್ಲಿಸಿ ಟ್ಯಾಬ್ ಕೀಲಿ ಒತ್ತಿದ. ಮಂತ್ರಿಗಳ ಗಲ್ಲದ ಬಳಿ ನೀಲಿ ಗೆರೆಯೊಂದರ ತುದಿ ಇಣುಕಿತು. ಅಲ್ಲಿಗೆ ಎಂಟರ್ ಹೊಡೆದ, ಅರ್ಜಿ ಹೋಯಿತು. ಈ ವಿದ್ಯೆಗೆ ಅವನು ಮೂವತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತಾನೆ. ನನ್ನನ್ನು ಕೇಳಿದರೆ ಅಗ್ಗವೇ.

ಪುಟದ ಅಡಿಯಲ್ಲಿ ಒಂದು ಸಾಲು ಓಡುತ್ತಿತ್ತು: ‘ಈ ಜಾಲತಾಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, 1024×768 ಪರದೆಯಲ್ಲಿ ವೀಕ್ಷಿಸುವುದು ಉತ್ತಮ.’ ಆ ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದೇ ಎಳ್ಳುನೀರು ಬಿಟ್ಟಿದೆ. ಆದರೆ ಮುತ್ತಜ್ಜನ ಹೆಸರಿನಲ್ಲೇ ಪಹಣಿ ನಡೆಯುವ ಸೀಮೆ ನಮ್ಮದು. ಬ್ರೌಸರ್‌ಗೂ ಪೌತಿ ಖಾತೆ ಆಗಿಲ್ಲವೆಂದರೆ ಯಾರಿಗೇಕೆ ಆಶ್ಚರ್ಯವಾಗಬೇಕು?

ಗುಂಡಿ ಫೋಟೋದ ಹಿಂದೆ ಹೋದದ್ದು ದೈವಲೀಲೆಯೇನಲ್ಲ. ಪುಟದಲ್ಲಿ ಯಾವುದು ಎಲ್ಲಿರಬೇಕು, ಎಷ್ಟು ಅಗಲವಿರಬೇಕು ಎಂದು ಬ್ರೌಸರ್‌ಗೆ ಹೇಳುವುದು ಸಿಎಸ್‌ಎಸ್ ಎಂಬ ಭಾಷೆ. ಅದರ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲೇ ಅಧಿಕೃತವಾಯಿತು. ಅದರ ಲೆಕ್ಕದಲ್ಲಿ ಪುಟದ ಪ್ರತಿ ಖಾನೆ, ಗುಂಡಿಯೂ ಒಂದು ಪೆಟ್ಟಿಗೆ. ಪೆಟ್ಟಿಗೆಯ ಅಗಲ 200 ಪಿಕ್ಸೆಲ್, ಅಂದರೆ ಪರದೆಯ ಅಷ್ಟು ಚುಕ್ಕಿ, ಎಂದು ಬರೆದು, ಎರಡೂ ಬದಿಗೆ ಹತ್ತು ಹತ್ತು ಒಳಜಾಗ, ಐದೈದು ಅಂಚುಗೆರೆ ಕೊಟ್ಟರೆ ನಿಯಮದ ಪ್ರಕಾರ ಒಟ್ಟು 230. ಹಳೆಯ ಎಕ್ಸ್‌ಪ್ಲೋರರ್ 5ರ ಪ್ರಕಾರ ಎಲ್ಲ ಸೇರಿ 200. ಇಂದಿನ ಬ್ರೌಸರ್‌ಗಳೆಲ್ಲ 230 ಎನ್ನುತ್ತವೆ, ಇಲಾಖೆಯ ಲೆಕ್ಕ ಇನ್ನೂ 200ರಲ್ಲಿದೆ. 400 ಅಗಲದ ಸಾಲಿನಲ್ಲಿ ಎರಡು ಪೆಟ್ಟಿಗೆ ಕೂರುವುದಿಲ್ಲ. ಎರಡನೆಯದು ಕೆಳಗೆ ಜಾರುತ್ತದೆ. ಅಲ್ಲಿ ಜಾಗ ಬಿಡದೆ ನೆಲೆಸಿರುವವರು ಮಂತ್ರಿಗಳು. ಒಳಜಾಗ, ಅಂಚುಗೆರೆ ಸೇರಿಸಿಯೇ ಅಗಲ ಎಣಿಸು ಎನ್ನುವ ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’ ಎಂಬ ಒಂದು ಸಾಲು ಬರೆದರೆ ಈ ತಕರಾರು ಮುಗಿಯುತ್ತದೆ. ಆದರೆ ಒಂದು ಸಾಲಿಗೆ ಟೆಂಡರ್ ಕರೆಯುವುದು ಹೇಗೆ?

ಮೊಬೈಲ್‌ನಲ್ಲಿ ತೆರೆದರೆ ಬೇರೆಯೇ ಕಥೆ. ಪರದೆಯ ಅಗಲಕ್ಕೆ ಹೊಂದಿಕೊಳ್ಳಬೇಕು ಎಂಬ ಸೂಚನೆ ಪುಟದಲ್ಲಿ ಇಲ್ಲದಿದ್ದರೆ ಫೋನು ಅದನ್ನು 980 ಪಿಕ್ಸೆಲ್ ಅಗಲದ್ದೆಂದು ಎಣಿಸಿ ಕುಗ್ಗಿಸಿ ತೋರಿಸುತ್ತದೆ. ಹೊಸನಗರದ ಗುಡ್ಡ ಹತ್ತಿ ಸಿಗ್ನಲ್ ಹಿಡಿದವನಿಗೆ ಆಮೇಲೆ ಭೂತಗನ್ನಡಿಯೂ ಬೇಕು.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಒತ್ತಕ್ಷರಗಳ ವಿಲೇವಾರಿ. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಪುಟ ಕಟ್ಟಿದವರು ಇಂಗ್ಲಿಷ್ ಅಕ್ಷರಕ್ಕೆ ಅಳತೆ ತೆಗೆದು ಪ್ರತಿ ಖಾನೆಗೂ 18 ಪಿಕ್ಸೆಲ್ ಎತ್ತರ ನಿಗದಿ ಮಾಡಿದ್ದಾರೆ, ಹೆಚ್ಚಾಗಿದ್ದನ್ನು ಮರೆಮಾಡು ಎಂದೂ ಬರೆದಿದ್ದಾರೆ. ವಿಂಡೋಸ್‌ನಲ್ಲಿ ಕನ್ನಡ ಮೂಡುವುದು ನಿರ್ಮಲಾ ಫಾಂಟಿನಲ್ಲಿ, ಆಂಡ್ರಾಯ್ಡ್‌ನಲ್ಲಿ ನೋಟೋದಲ್ಲಿ, ಮ್ಯಾಕ್‌ನಲ್ಲಿ ಮತ್ತೊಂದರಲ್ಲಿ. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಹಾಗಾಗಿ ಕಚೇರಿಯ ಕಂಪ್ಯೂಟರಿನಲ್ಲಿ ನೆಟ್ಟಗಿರುವ ‘ಶಿವಮೊಗ್ಗ’ ಫೋನಿನಲ್ಲಿ ‘ಶಿವಮೊಗ’ ಆಗುತ್ತದೆ. 2014ರ ನವೆಂಬರ್ 1ರಂದು ಸರ್ಕಾರವೇ ಇಂಗ್ಲಿಷಿನ ಶಿಮೊಗವನ್ನು ತಿದ್ದಿ ಊರಿಗೆ ಕೊಡಿಸಿದ ಒತ್ತನ್ನು ಸರ್ಕಾರದ ಪುಟವೇ ಹಿಂದಕ್ಕೆ ಪಡೆದಿದೆ. ಮಂಡಗದ್ದೆ ‘ಮಂಡಗದೆ’ ಆಗಿದೆ. ಬೆಳೆ ನಷ್ಟ ‘ಬೆಳೆ ನಷ’ ಆಗಿದೆ, ಪರಿಹಾರದ ಮೊತ್ತ ನೋಡಿದರೆ ಅದೂ ಸರಿಯೇ. ಕೊನೆಯಲ್ಲಿ ‘ಮೇಲಿನ ಷರತುಗಳಿಗೆ ಒಪಿದೇನೆ’ ಎಂದು ಟಿಕ್ ಹಾಕಬೇಕು. ನಾಳೆ ನ್ಯಾಯಾಲಯದಲ್ಲಿ ನಾನು ಒಪ್ಪಿಲ್ಲ, ಬರೀ ಒಪಿದೇನೆ ಎಂದು ವಾದಿಸಲು ವಕೀಲರಿಗೆ ಒಳ್ಳೆಯ ಅಂಶ. ಎತ್ತರದ ಆ ಕಟ್ಟನ್ನು ತೆಗೆದು, ಸಾಲಿನ ಅಂತರವನ್ನು ಒಂದೂವರೆಗಿಂತ ತುಸು ಹೆಚ್ಚು ಬಿಟ್ಟು, ಫಾಂಟನ್ನು ಪುಟದ ಜೊತೆಗೇ ಕಳುಹಿಸಿದರೆ ಒತ್ತುಗಳೆಲ್ಲ ಮರಳಿ ಬರುತ್ತವೆ. ಬರಲಿ ಎಂದು ಯಾರಿಗಾದರೂ ಅನ್ನಿಸಬೇಕಲ್ಲ.

ಪುಟವನ್ನು ಪರೀಕ್ಷಿಸಿಲ್ಲ ಎಂದು ಮಾತ್ರ ದೂರಬೇಡಿ. ಸರ್ಕಾರಿ ಜಾಲತಾಣಗಳನ್ನು ಬೇರೆ ಬೇರೆ ಬ್ರೌಸರ್‌ಗಳಲ್ಲಿ ಪರೀಕ್ಷಿಸಬೇಕೆಂದು 2009ರ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಅದರಂತೆ ಗುತ್ತಿಗೆದಾರರು ತಮ್ಮ ಬ್ರೌಸರ್‌ನಲ್ಲಿ ನೋಡಿದ್ದಾರೆ, ಅಧಿಕಾರಿಗಳು ತಮ್ಮ ಬ್ರೌಸರ್‌ನಲ್ಲಿ ನೋಡಿದ್ದಾರೆ. ಎರಡೂ ಒಂದೇ ಬ್ರೌಸರ್ ಆಗಿದ್ದು ಕಾಕತಾಳೀಯ. ಬೆಂಗಳೂರಿನ ಸಾಫ್ಟ್‌ವೇರ್ ಮಗಳಿಗೆ ಗೌಡರು ಫೋನ್ ಮಾಡಿದರೆ ಅವಳೂ ಅದನ್ನೇ ಹೇಳಿದಳು: “ಅಪ್ಪಯ್ಯ, ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತಿದೆಯಲ್ಲ!” ಈ ಮಾತಿಗೆ ಜಗತ್ತಿನ ಯಾವ ಇಲಾಖೆಯಲ್ಲೂ ಉತ್ತರವಿಲ್ಲ.

ದೂರು ಕೊಡಲು ಸಹಾಯವಾಣಿಯ ಸೂಚನೆ ಹೀಗಿದೆ: ಪುಟ ಕೆಟ್ಟು ಕಾಣುವ ಪರದೆಯ ಚಿತ್ರ ತೆಗೆಯಬೇಕು. ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಮೂಲ ಪರದೆಯಂತೆಯೇ ಕೆಟ್ಟಿದೆ ಎಂದು ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡು, ಮೂರು ಪ್ರತಿಗಳನ್ನು ಖುದ್ದಾಗಿ ತಂದು ಕೊಡಬೇಕು. ಚಿತ್ರದಲ್ಲಿ ಮಂತ್ರಿಗಳ ಮುಖ ಸ್ಪಷ್ಟವಾಗಿ ಕಾಣದಿದ್ದರೆ ದೂರನ್ನು ಪರಿಗಣಿಸಲಾಗುವುದಿಲ್ಲ.