ನ್ಯೂಟ್ರಲ್ ಚಿಕ್ಕಪ್ಪ

ಮೊನ್ನೆ ಸಂಪಾಜೆ ಘಾಟಿ ಇಳಿಯುತ್ತಿದ್ದೆ. ಮೂರನೇ ಗೇರು, ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಗಾಡಿ ತನ್ನ ಪಾಡಿಗೆ ಇಳಿಯುತ್ತಿತ್ತು. ಕಾಟಕೇರಿ ಇನ್ನೂ ದಾಟಿಲ್ಲ, ಪಕ್ಕದ ಸೀಟಿನಿಂದ ಚಿಕ್ಕಪ್ಪನ ಕೈ ಗೇರಿನ ಕಡೆ ಬಂತು.

"ನ್ಯೂಟ್ರಲ್ ಹಾಕು ಮಗ. ಸುಮ್ನೆ ಪೆಟ್ರೋಲು ಸುಡ್ತಿದ್ದೀಯ."

ಈಗಿನ ಇಂಜೆಕ್ಷನ್ ಗಾಡಿ ಗೇರಿನಲ್ಲೇ ಇಳಿದರೆ ಪೆಟ್ರೋಲು ಕಟ್ ಆಗುತ್ತದೆ, ಇಂಜಿನ್ ತಿರುಗಿಸುವುದು ಚಕ್ರಗಳೇ, ನ್ಯೂಟ್ರಲ್ ಮಾಡಿದರೆ ಅದು ಆರದಂತೆ ಇರಲು ಪೆಟ್ರೋಲು ಬೇಕು ಎಂದು ನಾಲ್ಕನೇ ಸಲ ಹೇಳಿದೆ.

"ತಿರುಗ್ತಾ ಇದೆ ತಾನೇ? ಮತ್ತೇನು, ನೀರು ಕುಡೀತಿದೆಯಾ?"

ಸೀಟ್ ಬೆಲ್ಟು ಎದೆಯ ಬದಲು ಬಾಯಿಯ ಮೇಲೆ ಹಾಯುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಚಿಕ್ಕಪ್ಪನದು ಇಂಜೆಕ್ಷನ್ ಬರುವ ಮೊದಲಿನ, ಕಾರ್ಬ್ಯುರೇಟರ್ ಕಾಲದ ವಿದ್ಯೆ. ಆಗ ಅವರಿಗೆ ನ್ಯೂಟ್ರಲ್ಲೂ ಸಾಲದು, ಇಂಜಿನ್ನೇ ಆಫ್ ಆಗಬೇಕು. ಒಂದು ಜೂನಿನಲ್ಲಿ ಸುಳ್ಯಕ್ಕೆ ಮದುವೆಗೆ ಹೊರಟಿದ್ದೆವು. ಮಳೆ ಆಗಲೇ ಹಿಡಿದಿತ್ತು. ಇಳಿಜಾರು ಸಿಕ್ಕಿದ್ದೇ ಕೀ ಹಿಂದಕ್ಕೆ ತಿರುಗಿಸಿದರು. ಪೂರ್ತಿ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ ಎಂಬಷ್ಟು ಜ್ಞಾನ ಇತ್ತು, ಪುಣ್ಯ. ಮಂಜಿಗೆ ಹೆಡ್‌ಲೈಟು, ಮಳೆಗೆ ವೈಪರು. ಸದ್ದಿಲ್ಲದೆ ಬರುವ ಗಾಡಿ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಪ್ರತಿ ತಿರುವಿಗೂ ಉದ್ದಕ್ಕೆ ಹಾರನ್ನು. ಇಂಜಿನ್ ಆರಿದ್ದರಿಂದ ಬ್ರೇಕು ಎರಡು ಸಲ ಒತ್ತುವುದರೊಳಗೆ ಕಲ್ಲಾಯಿತು. ಚಿಕ್ಕಪ್ಪ ಸೀಟಿನಿಂದ ಅರ್ಧ ಎದ್ದು ತುಳಿಯುತ್ತಿದ್ದರು. ಹಿಂದೆ ಚಿಕ್ಕಮ್ಮ ಕಾವೇರಮ್ಮನನ್ನು ಕರೆಯುತ್ತಿದ್ದರು.

ಕೊಯನಾಡಿನ ಹತ್ತಿರ, ರಸ್ತೆ ಸಮತಟ್ಟಾದಲ್ಲಿ, ನಡುಮಧ್ಯೆ ಒಂದು ಎಮ್ಮೆ ಮಲಗಿತ್ತು. ನಿಂತೆವು. ಎಮ್ಮೆ ತನಗೆ ಬೇಕಾದಾಗ ಎದ್ದು ಹೋಯಿತು. ಕೀ ತಿರುಗಿಸಿದರೆ ಟಕ್ ಎಂದಷ್ಟೇ ಶಬ್ದ. ದಾರಿಯುದ್ದಕ್ಕೂ ಲೈಟು, ವೈಪರು, ಹಾರನ್ನು ಸೇರಿ ಮೊದಲೇ ಮುದಿಯಾಗಿದ್ದ ಬ್ಯಾಟರಿಯನ್ನು ಮುಗಿಸಿದ್ದವು.

ಹೊಸ ಪಂಚೆಯಲ್ಲಿ ನಾನು, ರೇಷ್ಮೆ ಸೀರೆಯಲ್ಲಿ ಚಿಕ್ಕಮ್ಮ ತಳ್ಳಿದೆವು. ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡುವ ದೊಡ್ಡ ಕೆಲಸ ಚಿಕ್ಕಪ್ಪನದು. ಮೂರನೇ ಸಲಕ್ಕೆ ಗಾಡಿ ಕೆಮ್ಮಿ, ಕುಪ್ಪಳಿಸಿ, ಸ್ಟಾರ್ಟ್ ಆಯಿತು. ನಿಲ್ಲಿಸಿದರೆ ಮತ್ತೆ ಆರೀತೆಂದು ಮಹಾರಾಯರು ಹೋದರು, ಹೋದರು, ಹೋಗುತ್ತಲೇ ಇದ್ದರು. ನಾವು ಕೆಸರಿನಲ್ಲಿ ಓಡಿದೆವು. ಒಳಗೆ ಕೂತು ಉಸಿರು ತಿರುಗಿದ ಮೇಲೆ ಚಿಕ್ಕಮ್ಮ ಕೇಳಿದರು: "ಉಳಿಸಿದ ಪೆಟ್ರೋಲು ಎಲ್ಲಿಟ್ಟಿದ್ದೀರಿ? ಕೊಡಿ, ಸೀರೆಯ ಕಲೆಗೆ ಹಚ್ಚಬೇಕು."

ಈ ಕಥೆಯನ್ನು ನೆನಪಿಸಿದರೆ ಚಿಕ್ಕಪ್ಪ ಎಮ್ಮೆಯನ್ನು ಬೈಯುತ್ತಾರೆ.

ಮೊನ್ನೆಯೂ ಬೈದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಜೋಡುಪಾಲ ಬಂದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಅದು ದಾಟಿದ ಮೇಲೆ ಒಂದು ಕಾರು ನಮ್ಮನ್ನು ಹಿಂದೆ ಹಾಕಿ ಸರ್ರನೆ ಇಳಿಯಿತು. ಅದರ ಬ್ರೇಕ್ ಲೈಟು ಆರುತ್ತಲೇ ಇಲ್ಲ. ಬ್ರೇಕು ಸುಟ್ಟ ವಾಸನೆ ಒಳಗೆಲ್ಲ ತುಂಬಿತು.

ಚಿಕ್ಕಪ್ಪ ಮುಂದಕ್ಕೆ ಬಾಗಿ ನೋಡಿದರು. "ನ್ಯೂಟ್ರಲ್‌ನಲ್ಲಿ ಹೋಗ್ತಿದ್ದಾನೆ ನೋಡು. ಜಾಣ."

ನಾನು ಗಾಜು ಏರಿಸಿದೆ.