ಸರ್‌ಕ್ಯೂಯಿಟಸ್ ಅಂದರೆ ವೃತ್ತಾಕಾರ ಅಲ್ಲ

ಮಳೆಗಾಲ ಬಂತೆಂದರೆ ಘಾಟಿ ಬಂದ್, ರೈಲು ಮಾರ್ಗ ಬದಲು ಎಂಬ ಸುದ್ದಿ ನಮ್ಮ ಕರಾವಳಿಗೆ ಮಾಮೂಲು. ಇಂಥ ಕಡೆ ಇಂಗ್ಲಿಷಿನಲ್ಲಿ 'ಸರ್‌ಕ್ಯೂಯಿಟಸ್ ರೂಟ್' (circuitous route) ಎಂದಿದ್ದರೆ ಅದನ್ನು 'ವೃತ್ತಾಕಾರದ ಮಾರ್ಗ' ಎಂದು ಕನ್ನಡಿಸಬೇಡಿ, ಅರ್ಥವೇ ಕೆಡುತ್ತದೆ. ಹೊರಟಲ್ಲಿಗೇ ವಾಪಸ್ ತಂದು ಬಿಡುವ ದಾರಿ ಸರ್ಕ್ಯುಲರ್. ಸರ್‌ಕ್ಯೂಯಿಟಸ್ ದಾರಿ ಸೇರಬೇಕಾದ ಊರನ್ನೇ ಸೇರುತ್ತದೆ, ಆದರೆ ಸುತ್ತಿ ಬಳಸಿ.

2024ರ ಜುಲೈಯಲ್ಲಿ ಮಂಗಳೂರು–ಬೆಂಗಳೂರು ರೈಲು ಮಾರ್ಗದ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾದಾಗ ಕೆಲವು ರೈಲುಗಳನ್ನು ಶೊರನೂರು, ಸೇಲಂ, ಜೋಲಾರಪೇಟೆ ಮೂಲಕ ಓಡಿಸಿದರು. ಮಂಗಳೂರಿನಿಂದ ಬೆಂಗಳೂರಿಗೆ ಹೋಗಲು ಮೊದಲು ತೆಂಕಿಗೆ ಇಳಿದು, ಕೇರಳ, ತಮಿಳುನಾಡು ಎರಡನ್ನೂ ದಾಟಬೇಕು. ಸರ್‌ಕ್ಯೂಯಿಟಸ್ ಅಂದರೆ ಇದೇ.

ಅಂಕುಡೊಂಕಾದ ದಾರಿಗೂ ಈ ಪದ ಹಾಕುವುದುಂಟು. ಅಲ್ಲಿ ಸ್ವಲ್ಪ ನಿಂತು ನೋಡಬೇಕು. ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವ ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಎಷ್ಟು ಸುತ್ತಿದರೂ ನೇರ ದಾರಿ ಅದೇ. ಆ ತಿರುವುಗಳಿಗೆ ಟಾರ್ಚುವಸ್ (tortuous) ಎನ್ನಿ. ಘಾಟಿ ಬಂದ್ ಆಗಿ ಸಿದ್ದಾಪುರ, ಹೊಸಂಗಡಿ, ಮಾಸ್ತಿಕಟ್ಟೆ ಹಿಡಿದು ತೀರ್ಥಹಳ್ಳಿ ಸೇರಿದರೆ ಆಗ ಸರ್‌ಕ್ಯೂಯಿಟಸ್. ತಿರುವು ಎಷ್ಟಿದೆ ಎಂಬುದಲ್ಲ, ನೇರ ದಾರಿ ಬಿಟ್ಟು ಎಷ್ಟು ಬಳಸಿದಿರಿ ಎಂಬುದು ಲೆಕ್ಕ.

ಹಾಗೆ ಬಳಸಿ ಹೋಗುವುದಕ್ಕೆ ಡಿಟೂರ್ ಎನ್ನುತ್ತಾರೆ. ನಮ್ಮ ರಸ್ತೆ ಫಲಕಗಳಲ್ಲಿ ಕಾಣುವುದು ಬ್ರಿಟಿಷರ ರೂಢಿಯ ಡೈವರ್ಷನ್.

ಮಾತಿನ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ. ಸರ್‌ಕ್ಯೂಯಿಟಸ್ ವಾದ ಸುತ್ತುಬಳಸಿಯಾದರೂ ವಿಷಯಕ್ಕೆ ಬರುತ್ತದೆ. ಸರ್ಕ್ಯುಲರ್ ವಾದ ಬರುವುದೇ ಇಲ್ಲ. ಯಾವುದನ್ನು ಸಾಧಿಸಿ ತೋರಿಸಬೇಕೋ ಅದನ್ನೇ ಮೊದಲು ನಿಜವೆಂದು ಹಿಡಿದುಕೊಂಡಿರುತ್ತದೆ. ಎದುರಿನವರ ವಾದವನ್ನು ಸರ್ಕ್ಯುಲರ್ ಎಂದರೆ ಅದರ ತರ್ಕವೇ ತಪ್ಪು ಎಂದ ಹಾಗೆ. ಉದ್ದವಾಯಿತು ಎಂದಷ್ಟೇ ಹೇಳಲಿಕ್ಕಿದ್ದರೆ ಆ ಪದ ಅನ್ಯಾಯ.

ಕನ್ನಡಕ್ಕೆ 'ಸುತ್ತುಬಳಸಿನ' ಎಂಬುದು ಸೊಗಸಾಗಿ ಒಪ್ಪುತ್ತದೆ, ದಾರಿಗೂ ಸೈ, ಮಾತಿಗೂ ಸೈ. 'ಅಡ್ಡದಾರಿ' ಮಾತ್ರ ಬೇಡ. ಅಡ್ಡದಾರಿ ಹಿಡಿದವನು ಎಂದರೆ ನಡತೆ ಕೆಟ್ಟವನು. ಅದಕ್ಕೆ ಹತ್ತಿರದ ಇಂಗ್ಲಿಷ್ ಪದ ಡೀವಿಯಸ್. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥವೂ ದಾರಿ ಬಿಟ್ಟದ್ದು ಎಂದೇ. ಎರಡು ಭಾಷೆಗಳೂ ದಾರಿಯಿಂದಲೇ ನಡತೆಯನ್ನು ಅಳೆದಿರುವುದು ಚಂದ.

ಇನ್ನು ಉಚ್ಚಾರ. ಸರ್ಕಿಟ್‌ನಲ್ಲಿ 'ಯು' ಅಕ್ಷರದ ಸದ್ದಿಲ್ಲ. ಸರ್‌ಕ್ಯೂಯಿಟಸ್‌ನಲ್ಲಿ ಒತ್ತು ಬೀಳುವುದೇ ಅದರ ಮೇಲೆ: ಸರ್-ಕ್ಯೂ-ಇ-ಟಸ್. 'ಸರ್ಕಿಟಸ್' ಎಂದರೆ ತಪ್ಪು.